ಬಾಡಿಗೆ ಯಾರು ಕಟ್ಟಬೇಕು? ಲಂಡನ್ನಿನ ಪಶ್ಚಿಮ ಆಫ್ರಿಕಾ ವಿದ್ಯಾರ್ಥಿ ಸಂಘದ ಹುಟ್ಟು

1925ರ ಆಗಸ್ಟ್ 7ರಂದು ಲಂಡನ್ನಿನಲ್ಲಿ 21 ಮಂದಿ ಕಾನೂನು ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿದರು. ಹೆಸರು ವೆಸ್ಟ್ ಆಫ್ರಿಕನ್ ಸ್ಟೂಡೆಂಟ್ಸ್ ಯೂನಿಯನ್. ಎಲ್ಲರ ಬಾಯಲ್ಲಿ ‘ವಾಸು’. ನೈಜೀರಿಯಾ, ಗೋಲ್ಡ್ ಕೋಸ್ಟ್ (ಇಂದಿನ ಘಾನಾ), ಸಿಯೆರಾ ಲಿಯೋನ್, ಗ್ಯಾಂಬಿಯಾ ಎಂಬ ನಾಲ್ಕು ಬ್ರಿಟಿಷ್ ವಸಾಹತುಗಳಿಂದ ಓದಲು ಬಂದವರಿಗಾಗಿ ಹುಟ್ಟಿದ ಸಂಘ ಅದು. 2025ರ ಆಗಸ್ಟಿಗೆ ಅದಕ್ಕೆ ನೂರು ತುಂಬಿತು.

ವಿದ್ಯಾರ್ಥಿನಿಲಯವೊಂದರ ಸ್ಮರಣ ಸಂಚಿಕೆಯಲ್ಲಿ ಆಫ್ರಿಕದವರ ಕಥೆ ಏಕೆ ಎಂದು ಕೇಳುವವರಿರಬಹುದು. ಆ ಸಂಘದ ಧ್ಯೇಯೋದ್ದೇಶಗಳಲ್ಲಿ ಹಾಸ್ಟೆಲ್ಲಿಗೆ ದೊಡ್ಡ ಜಾಗವಿತ್ತು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಸ್ವಲ್ಪ ಉದ್ದದ್ದು. ವಾಸುವಿನ ಬಗ್ಗೆ ಬರೆದವರೆಲ್ಲ ಅಲ್ಲಿಂದ ಹೊರಬಂದ ನಾಯಕರ ಪಟ್ಟಿ ಕೊಡುತ್ತಾರೆ, ಅವರು ಮಾಡಿದ ಭಾಷಣ, ಹೊರಡಿಸಿದ ನಿರ್ಣಯಗಳನ್ನು ಎತ್ತಿ ಹೇಳುತ್ತಾರೆ. ನನಗೆ ಆ ಚರಿತ್ರೆಯನ್ನು ಓದಿದಾಗಲೆಲ್ಲ ಎದ್ದು ಕಾಣುವುದು ಬಾಡಿಗೆಯ ಚಿಂತೆ. ಮನೆ ಎಲ್ಲಿ, ಅದರ ಬಾಡಿಗೆ ಯಾರು ಕಟ್ಟುತ್ತಾರೆ, ಕಟ್ಟಿದವರು ಅದಕ್ಕೆ ಬದಲಾಗಿ ಏನು ಕೇಳುತ್ತಾರೆ? ಈ ಸಂಘದ ಮುಕ್ಕಾಲು ಪಾಲು ಜಗಳ, ಸಾಹಸ, ರಾಜಿ ಎಲ್ಲವೂ ಈ ಮೂರು ಪ್ರಶ್ನೆಗಳ ಸುತ್ತಲೇ ನಡೆದವು.

ಮೊದಲಿಗೆ, ಅಷ್ಟೊಂದು ಮಂದಿ ಕಾನೂನನ್ನೇ ಏಕೆ ಓದುತ್ತಿದ್ದರು? ಬ್ರಿಟಿಷ್ ಪಶ್ಚಿಮ ಆಫ್ರಿಕದಲ್ಲಿ ಆಗ ಪದವಿ ಓದಲು ಇದ್ದದ್ದು ಒಂದೇ ಜಾಗ, ಸಿಯೆರಾ ಲಿಯೋನಿನ ಫ್ರೀಟೌನಿನ ಫೂರಾ ಬೇ ಕಾಲೇಜು. 1827ರಲ್ಲಿ ಮಿಷನರಿಗಳು ಕಟ್ಟಿದ್ದು. 1876ರಿಂದ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಕ್ಕೆ ಸೇರ್ಪಡೆಯಾಗಿತ್ತು. ಅಲ್ಲಿ ಕಾನೂನೂ ಇಲ್ಲ, ವೈದ್ಯವೂ ಇಲ್ಲ. ವೈದ್ಯ ಓದುವವರು ಬ್ರಿಟನ್ನಿಗೇ ಹೋಗಬೇಕು. ಆದರೆ ಓದಿ ಬಂದ ಮೇಲೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿರುತ್ತಿತ್ತು. 1902ರಲ್ಲಿ ನಾಲ್ಕೂ ವಸಾಹತುಗಳ ವೈದ್ಯಕೀಯ ಸೇವೆಯನ್ನು ಒಂದು ಮಾಡಿದಾಗ ಅದರ ಹುದ್ದೆಗಳನ್ನು ಬಿಳಿಯರಿಗೆಂದು ಕಾದಿರಿಸಿದರು. ವಕೀಲಿಗೆ ಆ ತೊಡಕಿಲ್ಲ. ಸರ್ಕಾರದ ಸಂಬಳ ಬೇಕಿಲ್ಲ, ಸಾಹೇಬರ ಹಂಗಿಲ್ಲ. ಕೋರ್ಟಿನಲ್ಲಿ ನಿಂತು ಸರ್ಕಾರದ ವಿರುದ್ಧವೇ ವಾದಿಸಬಹುದು. ಹೀಗಾಗಿ ಹಣವಿದ್ದ ಕುಟುಂಬಗಳು ಮಕ್ಕಳನ್ನು ಹಡಗು ಹತ್ತಿಸಿ ಲಂಡನ್ನಿನ ‘ಇನ್ಸ್ ಆಫ್ ಕೋರ್ಟ್’ಗಳಿಗೆ ಕಳಿಸುತ್ತಿದ್ದವು.

ಈ ಇನ್‌ಗಳದ್ದು ಒಂದು ವಿಚಿತ್ರ ನಿಯಮ. ಬ್ಯಾರಿಸ್ಟರ್ ಆಗಬೇಕಾದರೆ ಪರೀಕ್ಷೆ ಪಾಸು ಮಾಡಿದರೆ ಸಾಲದು. ಪ್ರತಿ ಅವಧಿಯಲ್ಲೂ ಇಂತಿಷ್ಟು ರಾತ್ರಿ ಇನ್‌ನ ಹಾಲಿನಲ್ಲಿ ಗೌನು ತೊಟ್ಟು, ಉದ್ದನೆ ಮೇಜಿನ ಮುಂದೆ ಕುಳಿತು, ಊಟ ಮಾಡಲೇಬೇಕು. ಗಾಂಧೀಜಿ ಮೊದಲಾಗಿ ನಮ್ಮ ಬ್ಯಾರಿಸ್ಟರುಗಳೆಲ್ಲ ಉಂಡ ಊಟವೇ ಅದು. ಅಬೆಯೊಕುಟಾದಿಂದಲೋ ಅಕ್ರಾದಿಂದಲೋ ಬಂದ ಹುಡುಗ ಆ ಹಾಲಿನಲ್ಲಿ ಇಂಗ್ಲಿಷರ ಪಂಕ್ತಿಯಲ್ಲಿ ಕುಳಿತು ಉಣ್ಣಲೇಬೇಕೆಂದು ಕಾನೂನಿನ ಗುರುಪೀಠವೇ ಕಟ್ಟಳೆ ಮಾಡಿತ್ತು. ಊಟ ಮುಗಿಸಿ ಹೊರಬಂದು ಕೋಣೆ ಹುಡುಕಹೊರಟರೆ, ಕಿಟಕಿಯಲ್ಲಿ ‘ಕೋಣೆ ಖಾಲಿ ಇದೆ’ ಎಂಬ ಚೀಟಿ ನೇತಾಡುತ್ತಿರುವಾಗಲೇ ಮನೆಯೊಡತಿ ಬಾಗಿಲನ್ನು ಅರ್ಧ ತೆರೆದು, ಮುಖ ನೋಡಿ, ಈಗಷ್ಟೇ ಭರ್ತಿಯಾಯಿತು ಅನ್ನುತ್ತಿದ್ದಳು. ಆ ಕಾಲದ ಲಂಡನ್ನಿನಲ್ಲಿ ಇದು ಕಾನೂನುಬಾಹಿರವೇನೂ ಅಲ್ಲ. ಬಣ್ಣ ನೋಡಿ ಕೋಣೆ ನಿರಾಕರಿಸುವುದನ್ನು ತಡೆಯುವ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು 1968ರಲ್ಲಿ.

ಆಫ್ರಿಕದ ವಿದ್ಯಾರ್ಥಿಗಳಿಗೆ ಸಂಘಗಳೇ ಇರಲಿಲ್ಲ ಎಂದಲ್ಲ. ಆಫ್ರಿಕನ್ ಮೂಲದ ವಿದ್ಯಾರ್ಥಿಗಳೆಲ್ಲರ ಒಕ್ಕೂಟವೊಂದು ಮೊದಲ ಮಹಾಯುದ್ಧದ ಕಾಲದಿಂದಲೇ ಇತ್ತು. ವೆಸ್ಟ್ ಇಂಡೀಸಿನವರೂ ಅದರಲ್ಲಿದ್ದರು. ಗೋಲ್ಡ್ ಕೋಸ್ಟಿನವರದ್ದು ಬೇರೆ ಒಂದು ಸಂಘವಿತ್ತು. ಯಾರಿಗೂ ಸ್ವಂತ ಸೂರು ಮಾತ್ರ ಇರಲಿಲ್ಲ. ಅದೇ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ 1920ರಿಂದ ವೈಎಂಸಿಎ ನಡೆಸುತ್ತಿದ್ದ ವಿದ್ಯಾರ್ಥಿ ಸಂಘ ಮತ್ತು ಹಾಸ್ಟೆಲ್ ಇತ್ತು. ಅದು ಗವರ್ ಸ್ಟ್ರೀಟಿಗೆ ಬಂದ ಮೇಲೆ ಅಲ್ಲಿ ಅನ್ನ, ಸಾರು, ಭಾಷಣ, ವಾಗ್ವಾದ ಎಲ್ಲಕ್ಕೂ ಒಂದು ನೆಲೆಯಾಯಿತು. ಕಾಲೇಜು ಒಂದೇ, ಇನ್ ಒಂದೇ. ಪಕ್ಕದ ಬೆಂಚಿನವನಿಗೆ ಹೋಗಿ ಕೂರಲು ಮನೆಯಿದೆ, ತಮಗಿಲ್ಲ. ಆಫ್ರಿಕದ ಹುಡುಗರಿಗೆ ಇದು ಕಾಣದೆ ಇದ್ದೀತೆ?

1924ರ ವೆಂಬ್ಲಿ ಪ್ರದರ್ಶನ ಎಲ್ಲರ ಸಿಟ್ಟನ್ನು ಒಂದು ಕಡೆ ತಂದಿತು. ಸಾಮ್ರಾಜ್ಯದ ವೈಭವ ತೋರಿಸಲು ಏರ್ಪಡಿಸಿದ ಆ ಮೇಳದಲ್ಲಿ ಪಶ್ಚಿಮ ಆಫ್ರಿಕದ ಒಂದು ಹಳ್ಳಿಯನ್ನೇ ಕಟ್ಟಿ, ಜನರನ್ನು ತಂದು ಕೂರಿಸಿ, ಟಿಕೆಟ್ಟು ಕೊಂಡವರಿಗೆ ತೋರಿಸುತ್ತಿದ್ದರು. ಪತ್ರಿಕೆಗಳು ಆ ಜನರ ಮೇಲೆ ಹಗುರವಾದ, ಹೊಲಸು ಬರಹಗಳನ್ನು ಪ್ರಕಟಿಸಿದವು. ನೈಜೀರಿಯದಲ್ಲಿ ಮೊನ್ನೆ ಮೊನ್ನೆಯವರೆಗೂ ನರಭಕ್ಷಣೆ ನಡೆಯುತ್ತಿತ್ತು ಎಂಬಂಥ ಬರಹವೂ ಬಂತು. ಅದನ್ನು ಖಂಡಿಸಿ ‘ವೆಸ್ಟ್ ಆಫ್ರಿಕಾ’ ಎಂಬ ವಾರಪತ್ರಿಕೆಗೆ ಪತ್ರ ಬರೆದವರಲ್ಲಿ ಲಾಡಿಪೊ ಸೊಲಾಂಕೆ ಒಬ್ಬ.

ಸೊಲಾಂಕೆ ನೈಜೀರಿಯದ ಅಬೆಯೊಕುಟಾದ ಯೊರುಬಾ. ಫೂರಾ ಬೇಯಲ್ಲಿ ಓದಿ, ಮೇಷ್ಟರಾಗಿ ಕೆಲಸ ಮಾಡಿ, 1922ರಲ್ಲಿ ಕಾನೂನು ಓದಲು ಲಂಡನ್ನಿಗೆ ಬಂದ. ಬರುವಾಗಲೇ ವಯಸ್ಸು ಮೂವತ್ತು ದಾಟಿತ್ತು. ಕೈಯಲ್ಲಿ ಕಾಸಿಲ್ಲ. ಇಂಗ್ಲಿಷರಿಗೆ ಯೊರುಬಾ ಭಾಷೆ ಕಲಿಸಿ ಹೊಟ್ಟೆ ಹೊರೆದ. 1924ರಲ್ಲಿ ಬಿಬಿಸಿಯಲ್ಲಿ ಯೊರುಬಾದಲ್ಲಿ ಮಾತನಾಡಿದ. ಆ ಭಾಷೆ ರೇಡಿಯೋದಲ್ಲಿ ಕೇಳಿಸಿದ್ದು ಅದೇ ಮೊದಲು. ವಕೀಲನಾಗಿ ಅವನು ಹೆಸರು ಮಾಡಲಿಲ್ಲ. ಹಠಮಾರಿ, ಸುಲಭಕ್ಕೆ ಯಾರ ಮಾತನ್ನೂ ಒಪ್ಪದವ. ಆದರೆ ಹಿಡಿದದ್ದನ್ನು ಬಿಡದ ಇಂಥ ಒಬ್ಬ ಕಾರ್ಯದರ್ಶಿ ಸಿಗದೆ ಯಾವ ಸಂಘವೂ ಮೂರು ವರ್ಷ ದಾಟುವುದಿಲ್ಲ.

ಅವನ ಪತ್ರವನ್ನು ಪತ್ರಿಕೆಯಲ್ಲಿ ಓದಿ ಅವನನ್ನು ಹುಡುಕಿಕೊಂಡು ಬಂದವಳು ಏಮಿ ಆಶ್‌ವುಡ್ ಗಾರ್ವಿ. ಜಮೈಕದವಳು, ಮಾರ್ಕಸ್ ಗಾರ್ವಿಯ ಮೊದಲ ಹೆಂಡತಿ, 1914ರಲ್ಲಿ ಅವನೊಡನೆ ಸೇರಿ ಕರಿಯರ ದೊಡ್ಡ ಸಂಸ್ಥೆಯೊಂದನ್ನು ಕಟ್ಟಿದವಳು. ಅಷ್ಟು ಹೊತ್ತಿಗೆ ಗಂಡನಿಂದ ಬೇರೆಯಾಗಿದ್ದಳು. ಸಂಘ ಕಟ್ಟುವುದೆಂದರೇನು ಎಂಬುದು ಅಲ್ಲಿದ್ದ ಬೇರೆ ಯಾರಿಗಿಂತಲೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. 1924ರ ಜುಲೈನಲ್ಲಿ ಇವರಿಬ್ಬರೂ 13 ಮಂದಿ ವಿದ್ಯಾರ್ಥಿಗಳನ್ನು ಸೇರಿಸಿ ‘ನೈಜೀರಿಯನ್ ಪ್ರೋಗ್ರೆಸ್ ಯೂನಿಯನ್’ ಆರಂಭಿಸಿದರು. ಹಾಸ್ಟೆಲ್ ಬೇಕೆಂಬ ಮಾತು ಅಲ್ಲೇ ಶುರುವಾಯಿತು. ಸೊಲಾಂಕೆ ಅವಳಿಗೆ ಯೊರುಬಾ ಸಂಪ್ರದಾಯದಲ್ಲಿ ಹೆಣ್ಣುಮಕ್ಕಳ ನಾಯಕಿಗೆ ಕೊಡುವ ‘ಇಯಾಲೊಡೆ’ ಎಂಬ ಬಿರುದು ಕೊಟ್ಟ. ವಾಸುವಿನ ಸ್ಥಾಪಕರೆಂದು ಎಲ್ಲರೂ ಬರೆಯುವುದು ಗಂಡಸರ ಹೆಸರುಗಳನ್ನು. ಆದರೆ ವಾಸುವಿಗೆ ಬುನಾದಿಯಾದ ಸಂಘವನ್ನು ನಿಲ್ಲಿಸಿದ ಇಬ್ಬರಲ್ಲಿ ಒಬ್ಬಳು ಈ ಜಮೈಕದ ಹೆಂಗಸು. ಬಿರುದು ಕೊಟ್ಟು ಹೆಸರು ಮರೆಯುವ ಅಭ್ಯಾಸ ನಮ್ಮ ಸಂಘಸಂಸ್ಥೆಗಳಿಗೂ ಹೊಸದಲ್ಲ.

ನೈಜೀರಿಯದವರಷ್ಟೇ ಸೇರಿದರೆ ಸಾಲದು ಎಂದು ಸೊಲಾಂಕೆಗೂ ಅನಿಸಿತ್ತು. ಊರಿನ ಕಡೆ ಆಗಲೇ, 1920ರಲ್ಲಿ, ನಾಲ್ಕೂ ವಸಾಹತುಗಳ ವಕೀಲರು, ವೈದ್ಯರು, ವ್ಯಾಪಾರಿಗಳು ಅಕ್ರಾದಲ್ಲಿ ಸೇರಿ ಬ್ರಿಟಿಷ್ ಪಶ್ಚಿಮ ಆಫ್ರಿಕದ ರಾಷ್ಟ್ರೀಯ ಕಾಂಗ್ರೆಸ್ ಕಟ್ಟಿದ್ದರು. ಅದರ ಮುಂದಾಳುಗಳಲ್ಲಿ ಒಬ್ಬನಾದ, ಎಡಿನ್‌ಬರೋದಲ್ಲಿ ವೈದ್ಯ ಓದಿದ ಸಿಯೆರಾ ಲಿಯೋನಿನ ಹರ್ಬರ್ಟ್ ಬಂಕೋಲೆ-ಬ್ರೈಟ್ 1925ರ ಬೇಸಿಗೆಯಲ್ಲಿ ಲಂಡನ್ನಿಗೆ ಬಂದಿದ್ದ. ದೊಡ್ಡವರು ಊರಲ್ಲಿ ಒಂದಾಗಿರುವಾಗ ಲಂಡನ್ನಿನಲ್ಲಿ ನೀವೇಕೆ ಹರಿದು ಹಂಚಿಹೋಗಿದ್ದೀರಿ ಎಂಬುದು ಅವನ ವಾದ. ಆಗಸ್ಟ್ 7ರ ಸಭೆ ಸೇರಿದ್ದು ಅವನ, ಸೊಲಾಂಕೆಯ ಒತ್ತಾಸೆಯಿಂದ. ಗೋಲ್ಡ್ ಕೋಸ್ಟಿನ ಜೆ. ಬಿ. ಡಾಂಕ್ವಾ ಮೊದಲ ಅಧ್ಯಕ್ಷನಾದ. ಅವನು ಆಗ ಯೂನಿವರ್ಸಿಟಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ, ಜತೆಗೆ ಕಾನೂನನ್ನೂ. ಸೊಲಾಂಕೆ ಪ್ರಧಾನ ಕಾರ್ಯದರ್ಶಿ. ಗೋಲ್ಡ್ ಕೋಸ್ಟಿನ ಹಿರಿಯ ವಕೀಲ, ಲೇಖಕ ಕೇಸ್ಲಿ ಹೇಫೋರ್ಡ್ ಪೋಷಕ.

ಉದ್ದೇಶಗಳ ಪಟ್ಟಿ ಯಾವ ಸಂಘದ ಬೈಲಾದಲ್ಲೂ ಇರುವಂತೆ ದೊಡ್ಡದಾಗಿತ್ತು. ಹಾಸ್ಟೆಲ್ ನಡೆಸುವುದು, ಆಫ್ರಿಕದ ಚರಿತ್ರೆ, ಕಟ್ಟುಕಟ್ಟಳೆಗಳ ಬಗ್ಗೆ ಮಾಹಿತಿ ಕೇಂದ್ರವಾಗುವುದು, ಸ್ವಾವಲಂಬನೆ, ಒಗ್ಗಟ್ಟು ಬೆಳೆಸುವುದು, ಪತ್ರಿಕೆ ತರುವುದು. ಪತ್ರಿಕೆ 1926ರಲ್ಲೇ ಬಂತು. ಅದೇ ವರ್ಷ ಸೊಲಾಂಕೆ ಬ್ಯಾರಿಸ್ಟರ್ ಆದ. ಮರುವರ್ಷ ಪಶ್ಚಿಮ ಆಫ್ರಿಕ ಒಂದಾಗಬೇಕೆಂದು ವಾದಿಸುವ ಪುಸ್ತಕವೊಂದನ್ನೂ ಪ್ರಕಟಿಸಿದ. ಪಟ್ಟಿಯಲ್ಲಿ ದುಡ್ಡು ಬೇಕಾದದ್ದೆಂದರೆ ಹಾಸ್ಟೆಲ್, ಅದೊಂದು ಉಳಿದೇಹೋಯಿತು.

ಒಂದು ಮಾತು ಇಲ್ಲಿ ಹೇಳಬೇಕು. ಹಳೆಯ ಒಕ್ಕೂಟದಲ್ಲಿ ವೆಸ್ಟ್ ಇಂಡೀಸಿನವರಿಗೂ ಜಾಗವಿತ್ತು; ವಾಸು ಪಶ್ಚಿಮ ಆಫ್ರಿಕದವರಿಗೆ ಎಂದು ಗೆರೆ ಎಳೆಯಿತು. ಏಮಿಯ ಊರಿನವರನ್ನೇ ಹೊರಗಿಟ್ಟಂತಾಯಿತು. ಗೆರೆ ಎಳೆಯದಿದ್ದರೆ ಊರಿನ ಅರಸರ, ವ್ಯಾಪಾರಿಗಳ ಹಣ ಬರುತ್ತಿತ್ತೇ ಎಂಬ ಪ್ರಶ್ನೆಯೂ ಇದೆ. ಚಿಕ್ಕ ಸಮುದಾಯದ ಸಂಘಗಳಿಗೆ ಇದು ಮೊದಲ ದಿನದಿಂದಲೇ ಕಾಡುವ ಇಕ್ಕಟ್ಟು: ‘ನಮ್ಮವರು’ ಎಂಬುದನ್ನು ಹಿಗ್ಗಿಸಿದರೆ ಚಂದಾ ಕೊಡುವವರು ಹಿಂದೆ ಸರಿಯುತ್ತಾರೆ, ಕುಗ್ಗಿಸಿದರೆ ಜತೆಗೆ ನಿಲ್ಲುವವರು ಕಡಿಮೆಯಾಗುತ್ತಾರೆ. ವಾಸು ಕುಗ್ಗಿಸಿತು. ಆಗಿನ ಲೆಕ್ಕಕ್ಕೆ ಅದು ಸರಿಯೆಂದೇ ನನಗೆ ತೋರುತ್ತದೆ, ಮನಸ್ಸಿಗೆ ಹಿಡಿಸದಿದ್ದರೂ.

ಮೊದಲ ಮನೆ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಅಮೆರಿಕ ಹೊರದೂಡಿದ ಮಾರ್ಕಸ್ ಗಾರ್ವಿ 1928ರಲ್ಲಿ ಲಂಡನ್ನಿಗೆ ಬಂದ. ವೆಸ್ಟ್ ಕೆನ್ಸಿಂಗ್ಟನ್ನಿನ ಕ್ಯಾಸಲ್‌ಟೌನ್ ರಸ್ತೆಯ 57ನೇ ನಂಬರಿನ ತನ್ನ ಮನೆಯನ್ನು ವಾಸುವಿಗೆ ಬಿಟ್ಟುಕೊಟ್ಟ. ಬಿಟ್ಟ ಹೆಂಡತಿ ಸಂಘಕ್ಕೆ ಬುನಾದಿ ಹಾಕಿದಳು, ಗಂಡ ಸೂರು ಕೊಟ್ಟ. ಆದರೆ ಬಾಡಿಗೆಯ ಏರ್ಪಾಡು ಒಂದು ವರ್ಷದ್ದು. ವರ್ಷ ಮುಗಿಯಿತು, ಸಂಘ ಮತ್ತೆ ಬೀದಿಗೆ ಬಿತ್ತು.

ಆಗ ಸೊಲಾಂಕೆ ಮಾಡಿದ ಕೆಲಸವನ್ನು ಯೋಚಿಸಿದರೆ ಅವನ ಹಠದ ಅಳತೆ ಗೊತ್ತಾಗುತ್ತದೆ. 1929ರಲ್ಲಿ ಹಡಗು ಹತ್ತಿದವನು 1932ರವರೆಗೆ ಪಶ್ಚಿಮ ಆಫ್ರಿಕದ ಊರೂರು ಅಲೆದ. ರೈಲಿದ್ದಲ್ಲಿ ರೈಲು, ಲಾರಿ ಸಿಕ್ಕಲ್ಲಿ ಲಾರಿ. ಕರಾವಳಿಯ ಪಟ್ಟಣಗಳ ವಕೀಲರು, ಚರ್ಚಿನವರು, ಕೋಕೋ ಬೆಳೆಗಾರರು, ಅರಮನೆಗಳು, ಎಲ್ಲಿ ಯಾರು ಕೇಳುವವರಿದ್ದರೋ ಅಲ್ಲೆಲ್ಲ ಸಭೆ ಸೇರಿಸಿದ. ಲಂಡನ್ನಿನಲ್ಲಿ ನಮ್ಮ ಮಕ್ಕಳಿಗೆ ತಲೆಯಿಡಲು ಜಾಗವಿಲ್ಲ ಎಂಬುದು ಅವನ ಒಂದೇ ಮಾತು. ಹೋದ ಹೋದಲ್ಲಿ ವಾಸುವಿನ ಶಾಖೆ ತೆರೆದ. ಅಬೆಯೊಕುಟಾದ ಅರಸ ಅಲಾಕೆ, ಗೋಲ್ಡ್ ಕೋಸ್ಟಿನ ಅಕ್ಯೆಮ್ ಅಬುವಾಕ್ವದ ಅರಸ, ಡಾಂಕ್ವಾನ ಅಣ್ಣ ನಾನಾ ಒಫೊರಿ ಅಟ್ಟಾ, ಇಂಥವರೆಲ್ಲ ಪೋಷಕರಾದರು. ಬ್ರಿಟಿಷರು ಈ ಅರಸರ ಮೂಲಕವೇ ಆಳುತ್ತಿದ್ದರು. ಕಾಂಗ್ರೆಸ್ಸಿನ ವಕೀಲರಿಗೂ ಅರಸರಿಗೂ ಆಗಿಬರುತ್ತಿರಲಿಲ್ಲ. ಒಫೊರಿ ಅಟ್ಟಾಗೂ ಕೇಸ್ಲಿ ಹೇಫೋರ್ಡ್‌ಗೂ ಬಹಿರಂಗ ವೈರವೇ ಇತ್ತು. ಹಾಸ್ಟೆಲ್ಲಿಗೆ ಚಂದಾ ಎಂದಾಗ ಎರಡು ಕಡೆಯವರೂ ಕೈ ನೀಡಿದರು. ವಿದ್ಯಾರ್ಥಿನಿಲಯಕ್ಕೆ ಇಲ್ಲ ಎನ್ನುವುದು ಯಾವ ದೊಡ್ಡವನಿಗೂ ಕಷ್ಟ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು, ಧಾರವಾಡದ ಕಡೆ ವಾರಾನ್ನದ ಹುಡುಗರಿಗೆಂದು ಹಾಸ್ಟೆಲ್ ಕಟ್ಟಹೊರಟವರು ಚಂದಾ ಪುಸ್ತಕ ಹಿಡಿದು ತಿರುಗಿದ್ದೂ ಇದೇ ಧೈರ್ಯದಿಂದ.

ಆ ತಿರುಗಾಟದಿಂದ ಸೊಲಾಂಕೆ ಹಣದ ಜತೆ ಇನ್ನೊಂದು ನೆರವನ್ನೂ ಪಡೆದು ಬಂದ. ನೈಜೀರಿಯದಲ್ಲಿ ಒಪೆಯೊಲು ಒಬಿಸನ್ಯಾಳ ಕೈಹಿಡಿದ. ಸಂಘದ ಮಂದಿಗೆ ಅವಳು ಓಲು. 1933ರಲ್ಲಿ ಉತ್ತರ ಲಂಡನ್ನಿನ ಕ್ಯಾಮ್ಡೆನ್ ರಸ್ತೆಯ 62ನೇ ನಂಬರಿನ ಮನೆಯಲ್ಲಿ ವಾಸುವಿನ ಹಾಸ್ಟೆಲ್ ಶುರುವಾದಾಗ ಗಂಡ ವಾರ್ಡನ್, ಹೆಂಡತಿ ಮೇಟ್ರನ್. ಹಾಸ್ಟೆಲ್ ನಿಂತದ್ದು ಅವಳ ಅಡುಗೆಮನೆಯಿಂದ ಎಂದರೆ ಅತಿಶಯವಾಗದು. ಟೊಮೇಟೊ, ಮೆಣಸು ಹಾಕಿ ಕೆಂಪಗೆ ಬೇಯಿಸಿದ ಜೊಲೊಫ್ ಅನ್ನ, ಕಡಲೆಕಾಯಿ ಅರೆದು ಮಾಡುವ ಗಟ್ಟಿ ಸಾರು. ಉಪ್ಪು ಬಿಟ್ಟರೆ ಬೇರೆ ರುಚಿಯಿಲ್ಲದ ಬೇಯಿಸಿದ ಆಲೂಗಡ್ಡೆ ತಿಂದು ನಾಲಿಗೆ ಸತ್ತ ಹುಡುಗರಿಗೆ ಇದು ಊರಿನ ಊಟ. ಅಲ್ಲಿ ವಾಸವಿದ್ದವರಿಗಿಂತ ಊಟಕ್ಕೆ, ಹರಟೆಗೆ ಬಂದು ಹೋಗುವವರೇ ಹೆಚ್ಚು. ಭಾಷಣ, ಚರ್ಚೆ, ಕುಣಿತ ಎಲ್ಲವೂ ನಡೆಯುತ್ತಿದ್ದವು. ಅಮೆರಿಕದ ಗಾಯಕ ನಟ ಪಾಲ್ ರೋಬ್ಸನ್ ಬಂದುಹೋಗುತ್ತಿದ್ದ. ಮುಂದೆ ಪೋಷಕನೂ ಆದ.

ಈಗ ಬಾಡಿಗೆಯ ಎರಡನೆಯ ಪ್ರಶ್ನೆಗೆ ಬರೋಣ: ಯಾರು ಕಟ್ಟುತ್ತಾರೆ?

ಬ್ರಿಟಿಷ್ ವಸಾಹತು ಕಚೇರಿಗೂ ಆಫ್ರಿಕದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಬೇಕೆನಿಸಿತ್ತು. ಕೋಣೆ ಸಿಗದೆ ಅಲೆದವನು ಕಮ್ಯುನಿಸ್ಟರ ಕೈಗೆ ಸಿಕ್ಕಾನು, ಊರಿಗೆ ಹಿಂತಿರುಗಿ ಸರ್ಕಾರದ ಮೇಲೆ ಹರಿಹಾಯ್ದಾನು ಎಂಬ ಭಯ ಅದಕ್ಕೆ. ಈ ಉಪಾಯಕ್ಕೆ ಹಿಂದೆ ಒಂದು ಮೇಲ್ಪಂಕ್ತಿಯಿತ್ತು, ಅದು ಭಾರತೀಯರದ್ದು. 1909ರ ಜುಲೈ 1ರಂದು ಲಂಡನ್ನಿನಲ್ಲಿ ಮದನ್‌ಲಾಲ್ ಧಿಂಗ್ರಾ ಬ್ರಿಟಿಷ್ ಅಧಿಕಾರಿ ಸರ್ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ. ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ತೆರೆದಿದ್ದ ‘ಇಂಡಿಯಾ ಹೌಸ್’ ಎಂಬ ವಿದ್ಯಾರ್ಥಿನಿಲಯದ ಜತೆ ಧಿಂಗ್ರಾಗೆ ಒಡನಾಟವಿತ್ತು. ಮರುವರ್ಷವೇ ಇಂಡಿಯಾ ಆಫೀಸು ಕ್ರಾಮ್‌ವೆಲ್ ರಸ್ತೆಯ 21ನೇ ನಂಬರಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಮಾಹಿತಿ ಕೇಂದ್ರ, ತಂಗುವ ಕೋಣೆ, ಸಲಹೆಗಾರರು ಎಲ್ಲವನ್ನೂ ಒದಗಿಸಿತು. ಕೋಣೆಯೇನೋ ಚೆನ್ನಾಗಿತ್ತು, ಆದರೆ ಅದು ನಮ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಲು ಕಟ್ಟಿದ ಮನೆ ಎಂದು ವಿದ್ಯಾರ್ಥಿಗಳು ಅತ್ತ ಹೋಗಲು ಹಿಂದೇಟು ಹಾಕಿದರು.

ಆಫ್ರಿಕದವರ ವಿಷಯದಲ್ಲಿ ವಸಾಹತು ಕಚೇರಿ ಇನ್ನೂ ಜಾಣತನ ತೋರಿತು. ತಾನು ಹಿಂದೆ ನಿಂತು, ಮುಂದೆ ಒಂದು ಟ್ರಸ್ಟನ್ನು ನಿಲ್ಲಿಸಿತು. ಗೋಲ್ಡ್ ಕೋಸ್ಟಿನ ಹೆಸರಾಂತ ಶಿಕ್ಷಣತಜ್ಞ ಡಾ. ಜೇಮ್ಸ್ ಆಗ್ರಿಯ ಹೆಸರಿಟ್ಟಿತು. 1927ರಲ್ಲಿ ತೀರಿಕೊಂಡಿದ್ದ ಆಗ್ರಿಯನ್ನು ಯಾರೂ ಬೇಡ ಎನ್ನುವಂತಿರಲಿಲ್ಲ. 1934ರಲ್ಲಿ ಡೌಟಿ ಸ್ಟ್ರೀಟಿನಲ್ಲಿ ‘ಆಗ್ರಿ ಹೌಸ್’ ತೆರೆಯಿತು. ವಾಸು ಅದನ್ನು ಬಹಿಷ್ಕರಿಸಿತು. ಆಫ್ರಿಕದ ವಿದ್ಯಾರ್ಥಿಗಳನ್ನು ಹಿಡಿತದಲ್ಲಿಡುವ ಸರ್ಕಾರದ ಹುನ್ನಾರವಿದು ಎಂದು ಕರಪತ್ರ ಅಚ್ಚು ಹಾಕಿ ಹಂಚಿತು. ಜಮೈಕ ಮೂಲದ ವೈದ್ಯ ಹೆರಾಲ್ಡ್ ಮೂಡಿ 1931ರಲ್ಲಿ ಕಟ್ಟಿದ್ದ ‘ಲೀಗ್ ಆಫ್ ಕಲರ್ಡ್ ಪೀಪಲ್ಸ್’ ಆಗ್ರಿ ಹೌಸಿಗೆ ಬೆಂಬಲ ಕೊಟ್ಟಾಗ, ಒಂದೇ ಊರಿನ ಎರಡು ಕರಿಯರ ಸಂಸ್ಥೆಗಳ ನಡುವೆ ಮಾತುಕತೆಯೇ ಕೆಟ್ಟಿತು. ಮೂಡಿಯನ್ನು ಇದಕ್ಕಾಗಿ ಬೈಯಲು ನನಗೆ ಮನಸ್ಸಿಲ್ಲ. ಚಳಿಗಾಲದಲ್ಲಿ ಕೋಣೆಯಿಲ್ಲದ ಹುಡುಗನಿಗೆ ಸರ್ಕಾರದ ಹಣದ ಕೋಣೆಯಾದರೂ ಸಿಗಲಿ ಎಂದುಕೊಳ್ಳುವುದು ತಪ್ಪೆಂದು ಹೇಗೆ ಹೇಳುವುದು? ಸೊಲಾಂಕೆಯ ಅನುಮಾನವೂ ಸುಳ್ಳಾಗಿರಲಿಲ್ಲ. ಹಣ ಸರ್ಕಾರದ್ದು, ಅದನ್ನು ಮುಚ್ಚಿಟ್ಟದ್ದೂ ನಿಜ. ಆಗ್ರಿ ಹೌಸಿನಲ್ಲೂ ರಾಜಕೀಯದ ಮಾತು ಕೇಳಿಸತೊಡಗಿದ ಮೇಲೆ ಅಧಿಕಾರಿಗಳಿಗೆ ಅದರ ಮೇಲೂ ನಂಬಿಕೆ ಹೋಯಿತು. 1940ರಲ್ಲಿ ಅದನ್ನು ಮುಚ್ಚಿದರು.

ಅಷ್ಟರಲ್ಲಿ ವಾಸುವಿನ ಕಥೆಯೂ ತಿರುವು ಪಡೆದಿತ್ತು. ಊರಿನಿಂದ ತಂದ ಹಣ ಎಷ್ಟು ದಿನ ಬಂದೀತು? ಸಾಲ ಬೆಳೆಯಿತು. ಲೆಕ್ಕ ಬರೆಯುವುದರಲ್ಲಿ ಸೊಲಾಂಕೆಗೆ ಅಂಥ ಶಿಸ್ತಿರಲಿಲ್ಲ ಎಂದು ಅವನ ಕಾಲದವರೇ ದೂರಿದ್ದಾರೆ. ಕೊನೆಗೆ, ಸರ್ಕಾರದ ಹಂಗು ಬೇಡ ಎಂದು ಕರಪತ್ರ ಹಂಚಿದ್ದ ಸಂಘವೇ ವಸಾಹತು ಕಚೇರಿಯ ನೆರವಿಗೆ ಕೈಚಾಚಿತು. 1938ರಲ್ಲಿ ಕ್ಯಾಮ್ಡೆನ್ ಸ್ಕ್ವೇರಿನ ಸೌತ್ ವಿಲ್ಲಾಸಿನ ಒಂದನೇ ನಂಬರಿಗೆ, ಮೊದಲಿಗಿಂತ ದೊಡ್ಡ ಮನೆಗೆ, ಹಾಸ್ಟೆಲ್ ಸಾಗಿತು. ಚರಿತ್ರಕಾರರಲ್ಲಿ ಕೆಲವರು ಇದನ್ನು ಶರಣಾಗತಿ ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಹಣ ಪಡೆದ ಮೇಲೆ ಆ ಮನೆಯಲ್ಲಿ ಏನು ಮಾತು ನಡೆಯಿತು ಎಂಬುದನ್ನು ನೋಡಬೇಕು. 1937-38ರಲ್ಲಿ ಬ್ರಿಟಿಷ್ ಕಂಪನಿಗಳು ಕೂಡಿ ಬೆಲೆ ಇಳಿಸಿದ್ದಕ್ಕೆ ಗೋಲ್ಡ್ ಕೋಸ್ಟಿನ ರೈತರು ಕೋಕೋ ಮಾರುವುದನ್ನೇ ನಿಲ್ಲಿಸಿದಾಗ ವಾಸು ಲಂಡನ್ನಿನಲ್ಲಿ ರೈತರ ಪರ ನಿಂತಿತು. ಬ್ರಿಟಿಷ್ ಸಂಸದರನ್ನು ಸೇರಿಸಿ ಒಂದು ಸಮಿತಿಯನ್ನೇ ರಚಿಸಿತು. ಅದರ ಮುಂದಾಳಾಗಿದ್ದ ಲೇಬರ್ ಸಂಸದ ರೆಜಿನಾಲ್ಡ್ ಸೊರೆನ್ಸನ್ ನಮಗೂ ಬೇಕಾದವನೇ. ಕೃಷ್ಣ ಮೆನನ್ನರ ಇಂಡಿಯಾ ಲೀಗಿನಲ್ಲಿ ದುಡಿದವನು. ಸಂಸತ್ತಿನಲ್ಲಿ ಇಂದು ಭಾರತದ ಪ್ರಶ್ನೆ, ನಾಳೆ ನೈಜೀರಿಯದ ಪ್ರಶ್ನೆ ಎತ್ತುತ್ತಿದ್ದ ಬೆರಳೆಣಿಕೆಯ ಮಂದಿಯಲ್ಲಿ ಒಬ್ಬ.

1941ರ ಆಗಸ್ಟ್ ತಿಂಗಳು ವಾಸುವಿನ ಹೆಸರು ಪತ್ರಿಕೆಗಳಲ್ಲಿ ಬಂದ ಕಾಲ. ಚರ್ಚಿಲ್, ರೂಸ್‌ವೆಲ್ಟ್ ಕೂಡಿ ಅಟ್ಲಾಂಟಿಕ್ ಸನ್ನದು ಹೊರಡಿಸಿದ್ದರು. ತಮ್ಮನ್ನು ಆಳುವ ಸರ್ಕಾರ ಯಾವುದಿರಬೇಕೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಉಂಟು ಎಂಬ ಮಾತು ಅದರಲ್ಲಿತ್ತು. ಅದರ ಬೆನ್ನಿಗೇ, ಯುದ್ಧಕಾಲದ ಸಂಪುಟದಲ್ಲಿ ಚರ್ಚಿಲ್ಲರ ನಂತರದ ಸ್ಥಾನದಲ್ಲಿದ್ದ ಲೇಬರ್ ಪಕ್ಷದ ಕ್ಲೆಮೆಂಟ್ ಆಟ್ಲಿ ವಾಸುವಿನವರ ಮುಂದೆ ಮಾತನಾಡುತ್ತಾ ಆ ತತ್ತ್ವ ಎಲ್ಲ ಜನಾಂಗಗಳಿಗೂ ಅನ್ವಯ ಎಂದರು. ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರ್ 9ರಂದು, ಚರ್ಚಿಲ್ ಸಂಸತ್ತಿನಲ್ಲಿ ಎದ್ದು ನಿಂತು, ತಾವು ಹೇಳಿದ್ದು ನಾಜಿಗಳ ಕೈಗೆ ಸಿಕ್ಕ ಯುರೋಪಿನ ದೇಶಗಳ ಬಗ್ಗೆ, ಭಾರತ, ಬರ್ಮಾ ಮತ್ತು ಸಾಮ್ರಾಜ್ಯದ ಇತರ ಭಾಗಗಳ ಮಾತೇ ಬೇರೆ ಎಂದು ಬಾಗಿಲು ಹಾಕಿದರು. ಆ ಹೇಳಿಕೆ ಭಾರತದಲ್ಲಿ ಎಬ್ಬಿಸಿದ ಸಿಟ್ಟು ಎಲ್ಲರಿಗೂ ಗೊತ್ತು. ಕ್ಯಾಮ್ಡೆನ್ನಿನ ಹಾಸ್ಟೆಲ್ಲಿನಲ್ಲಿ ಅದೇ ಸಿಟ್ಟು ಬೇರೆ ರೂಪ ಪಡೆಯಿತು. 1942ರ ಏಪ್ರಿಲ್‌ನಲ್ಲಿ ವಾಸು ಒಂದು ಮನವಿ ಕಳಿಸಿತು: ಪಶ್ಚಿಮ ಆಫ್ರಿಕಕ್ಕೆ ಒಳಾಡಳಿತದ ಸ್ವಾತಂತ್ರ್ಯ ಈಗಲೇ ಬೇಕು, ಯುದ್ಧ ಮುಗಿದ ಐದು ವರ್ಷದೊಳಗೆ ಪೂರ್ಣ ಸ್ವಾತಂತ್ರ್ಯ ಬೇಕು. ಮನವಿ ಹೋದದ್ದು ಬಾಡಿಗೆಗೆ ನೆರವು ಕೊಡುತ್ತಿದ್ದ ಅದೇ ಸರ್ಕಾರಕ್ಕೆ. ಮೂರನೆಯ ಪ್ರಶ್ನೆಗೆ, ಕಟ್ಟಿದವರು ಬದಲಾಗಿ ಏನು ಪಡೆದರು ಎಂಬುದಕ್ಕೆ, ಇದು ವಾಸು ಕೊಟ್ಟ ಉತ್ತರ. ಐದು ವರ್ಷದ ಗಡುವು ಆಗ ಅನೇಕರಿಗೆ ನಗೆಪಾಟಲಾಗಿತ್ತು. ಘಾನಾ ಸ್ವತಂತ್ರವಾದದ್ದು 1957ರಲ್ಲಿ, ನೈಜೀರಿಯ 1960ರಲ್ಲಿ.

1945ರ ಮೇ ತಿಂಗಳಲ್ಲಿ ಅಮೆರಿಕದಿಂದ ಲಂಡನ್ನಿಗೆ ಬಂದಿಳಿದ, ಮುಂದೆ ಘಾನಾವನ್ನು ಆಳಿದ ಕ್ವಾಮೆ ಎನ್‌ಕ್ರುಮಾ ವಾಸುವಿನ ಉಪಾಧ್ಯಕ್ಷನಾದದ್ದು, ಅದೇ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಐದನೆಯ ಪ್ಯಾನ್-ಆಫ್ರಿಕನ್ ಸಮ್ಮೇಳನದ ಸಂಘಟನೆಗೆ ಹೆಗಲು ಕೊಟ್ಟದ್ದು ಎಲ್ಲ ಪುಸ್ತಕಗಳಲ್ಲೂ ಇದೆ, ಇಲ್ಲಿ ಬೆಳೆಸುವುದಿಲ್ಲ.

ಸ್ಥಾಪಕರಿಗೆ ಸಂಘದಲ್ಲಿ ವಯಸ್ಸಾಗುವುದೇ ಒಂದು ಕಷ್ಟ. ಸೊಲಾಂಕೆ 1944ರಲ್ಲಿ ಮತ್ತೆ ಚಂದಾ ಎತ್ತಲು ಊರಿಗೆ ಹೋದ, ಹಿಂತಿರುಗಿದ್ದು 1948ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಹೊಸ ಹುಡುಗರು ಬಂದಿದ್ದರು, ಅವರ ಎಡಪಂಥದ ಮಾತಿನ ಬಿಸಿಯೇ ಬೇರೆ. ಚೆಲ್ಸಿ ಎಂಬ್ಯಾಂಕ್‌ಮೆಂಟಿನಲ್ಲಿ ಇನ್ನೊಂದು ಹಾಸ್ಟೆಲ್ ಬಂತು. ಹಾಸ್ಟೆಲ್ಲಿನ ಯಜಮಾನಿಕೆ ಯಾರದ್ದು ಎಂಬ ಜಗಳವೂ ಬಂತು. ಸಂಘ ಕಟ್ಟಿದವನೇ ಸಂಘ ಬಿಟ್ಟು ಬೇರೆ ನಡೆಯಬೇಕಾಯಿತು. 1948ರಲ್ಲಿ ಇಬಾಡಾನಿನಲ್ಲೂ ಅಕ್ರಾ ಬಳಿಯ ಅಚಿಮೋಟಾದಲ್ಲೂ ವಿಶ್ವವಿದ್ಯಾಲಯ ಕಾಲೇಜುಗಳು ಶುರುವಾದವು. ಸ್ವಾತಂತ್ರ್ಯ ಹತ್ತಿರವಾದಂತೆ ನೈಜೀರಿಯದವರಿಗೆ ನೈಜೀರಿಯದ ಸಂಘ, ಘಾನಾದವರಿಗೆ ಘಾನಾದ ಸಂಘ ಸಾಕೆನಿಸಿತು. ನಾಲ್ಕು ನಾಡುಗಳನ್ನು ಒಂದು ಮಾಡುವ ಕನಸಿನಿಂದ ಹುಟ್ಟಿದ ಸಂಘ ಆ ನಾಡುಗಳು ಬಿಡುಗಡೆ ಪಡೆಯುವ ಹೊತ್ತಿಗೇ ಸೊರಗಿತು. ಸೊಲಾಂಕೆ 1958ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ನೈಜೀರಿಯದ ಸ್ವಾತಂತ್ರ್ಯಕ್ಕೆ ಇನ್ನೆರಡು ವರ್ಷ ಬಾಕಿಯಿತ್ತು.

ಸ್ಮರಣ ಸಂಚಿಕೆಗಳಲ್ಲಿ ಬರೆಯದೆ ಬಿಡುವ ಸಂಗತಿ ಒಂದಿದೆ. ವಾಸುವಿನ ಮೊದಲ ಅಧ್ಯಕ್ಷ ಡಾಂಕ್ವಾ 1927ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಹೋಗಿ ದೊಡ್ಡ ವಕೀಲನಾದ. 1947ರಲ್ಲಿ ಅವನೂ ಗೆಳೆಯರೂ ಕಟ್ಟಿದ ಪಕ್ಷಕ್ಕೆ ಪೂರ್ಣಾವಧಿ ಕಾರ್ಯದರ್ಶಿ ಬೇಕಾಗಿ ಲಂಡನ್ನಿನಿಂದ ಕರೆಸಿಕೊಂಡದ್ದು ವಾಸುವಿನ ಉಪಾಧ್ಯಕ್ಷನಾಗಿದ್ದ ಎನ್‌ಕ್ರುಮಾನನ್ನು. 1948ರಲ್ಲಿ ಇಬ್ಬರೂ ಒಟ್ಟಿಗೆ ಜೈಲಿಗೆ ಹೋದರು. ಮರುವರ್ಷ ಎನ್‌ಕ್ರುಮಾ ಬೇರೆ ಪಕ್ಷ ಕಟ್ಟಿದ. 1960ರ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಡಾಂಕ್ವಾ ಅವನಿಗೆ ಎದುರಾಗಿ ನಿಂತು ಸೋತ. ವಿಚಾರಣೆಯಿಲ್ಲದೆ ಬಂಧಿಸಿಡುವ ಎನ್‌ಕ್ರುಮಾನ ಕಾಯಿದೆ ಸಂವಿಧಾನಕ್ಕೆ ವಿರುದ್ಧ ಎಂದು 1961ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಅಲ್ಲಿಯೂ ಸೋತ. ಅದೇ ಕಾಯಿದೆಯಡಿ ಸೆರೆಯಾಗಿ, 1965ರ ಫೆಬ್ರವರಿಯಲ್ಲಿ ಎನ್ಸವಾಮ್ ಜೈಲಿನಲ್ಲಿ ಪ್ರಾಣಬಿಟ್ಟ. ಸರ್ಕಾರದ ಹಂಗಿಲ್ಲದ ವೃತ್ತಿ ಎಂದು ಒಂದು ತಲೆಮಾರು ಕಾನೂನನ್ನು ಆರಿಸಿಕೊಂಡಿತ್ತು. ಸರ್ಕಾರ ತಮ್ಮವರದ್ದೇ ಆದ ಮೇಲೆ ಆ ಕಾನೂನು ಎಷ್ಟು ಕಾಪಾಡಿತು ಎಂಬುದನ್ನು ವಾಸುವಿನ ಚರಿತ್ರೆ ಬರೆಯುವವರು ಹೇಳದೆ ಬಿಡುವಂತಿಲ್ಲ.

ಬರೆಯಲು ಸಾಮಗ್ರಿಗೆ ಕೊರತೆಯಿಲ್ಲ. ಸೊಲಾಂಕೆ ಜೋಪಾನ ಮಾಡಿದ ಸಂಘದ ಕಾಗದಪತ್ರಗಳು ಲಾಗೋಸ್ ವಿಶ್ವವಿದ್ಯಾಲಯದಲ್ಲಿವೆ. ಅವನ್ನು ಇಟ್ಟಿರುವ ಗ್ರಂಥಾಲಯಕ್ಕೆ ಗಾಂಧಿಯ ಹೆಸರಿದೆ. ಈವರೆಗೆ ಅವನ್ನು ತೆರೆದವರು ಹೆಚ್ಚಾಗಿ ರಾಜಕೀಯವನ್ನು ಹುಡುಕಿದ್ದಾರೆ. ಓಲು ಸೊಲಾಂಕೆ ದಿನಕ್ಕೆ ಎಷ್ಟು ಮಂದಿಗೆ ಅಡುಗೆ ಮಾಡುತ್ತಿದ್ದಳು, ಕಡಲೆಕಾಯಿ, ತಾಳೆ ಎಣ್ಣೆ ಕ್ಯಾಮ್ಡೆನ್ನಿಗೆ ಯಾರ ಕೈಯಲ್ಲಿ ಬರುತ್ತಿದ್ದವು, ತಿಂಗಳ ಬಾಕಿ ಉಳಿಸಿಕೊಂಡ ಹುಡುಗನನ್ನು ಅವಳು ಏನು ಮಾಡುತ್ತಿದ್ದಳು, ಇದನ್ನು ಹುಡುಕಿಕೊಂಡು ಒಬ್ಬರು ಹೋಗಬೇಕು.